ಮಳೆ ರಜೆಗೆ ಮಿಸ್ಡ್ ಕಾಲ್ ಮತ

ಶಾಲೆಗೆ ಮಳೆ ರಜೆ ಕೊಡುವವಳು ನಾನೇ ಅಂತ ಕೊಪ್ಪದ ಮಕ್ಕಳೆಲ್ಲ ನಂಬಿಕೊಂಡಿದ್ದ ಒಂದು ಮಳೆಗಾಲ ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಬಂದುಹೋಯಿತು. ಅಷ್ಟು ಮರ್ಯಾದೆ ನನಗೆ ಆಮೇಲೆ ಯಾವತ್ತೂ ಸಿಕ್ಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಹೈಸ್ಕೂಲು ಹುಡುಗರು ಎದ್ದು ಜಾಗ ಕೊಡುತ್ತಿದ್ದರು. ಕೊಟ್ಟು, ಮೋಡದ ಕಡೆ ಒಂದು ಸಲ, ನನ್ನ ಮುಖದ ಕಡೆ ಒಂದು ಸಲ ನೋಡುತ್ತಿದ್ದರು.

ನಾನಿದ್ದದ್ದು ಶಿಕ್ಷಣ ಇಲಾಖೆಯ ತಾಲೂಕು ಕಚೇರಿಯಲ್ಲಿ. ಹುದ್ದೆಯ ಹೆಸರನ್ನು ಸರ್ಕಾರ ಎಷ್ಟು ಸಲ ಬದಲಿಸಿದರೂ ನಮ್ಮ ಜನಕ್ಕೆ ಶಾಲೆ ನೋಡಲು ಬರುವವರೆಲ್ಲ ಇನ್ಸ್‌ಪೆಕ್ಟರೇ. ಹೆಂಗಸಾದರೆ ಇನ್ಸ್‌ಪೆಕ್ಟರಮ್ಮ. ಕೊಪ್ಪ ನನ್ನದು. ಶೃಂಗೇರಿಯ ಕುರ್ಚಿ ಖಾಲಿ ಇದ್ದದ್ದರಿಂದ ಅದರ ಪ್ರಭಾರವೂ ನನ್ನ ತಲೆಗೇ ಬಂತು. ನರಸಿಂಹರಾಜಪುರದಲ್ಲಿ ಹಿಂದೆ ಕೆಲಸ ಮಾಡಿದ್ದೆ. ಅಲ್ಲಿಯವರು ನನ್ನ ನಂಬರನ್ನು ಫೋನಿನಿಂದ ಅಳಿಸುವ ಸೌಜನ್ಯ ತೋರಿಸಲಿಲ್ಲ. ಹೀಗಾಗಿ ಮೂರು ತಾಲೂಕಿನ ಮಳೆಯೂ ನನ್ನ ಫೋನಿಗೇ ಸುರಿಯುತ್ತಿತ್ತು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಇಡೀ ಜಿಲ್ಲೆಗೆ ಒಂದೇ ರಜೆ ಬೇಡ, ಆಯಾ ತಾಲೂಕಿನ ಮಳೆ ನೋಡಿಕೊಂಡು, ಭಾಗೀದಾರರೊಂದಿಗೆ ಸಮಾಲೋಚಿಸಿ, ಅಲ್ಲಲ್ಲೇ ತೀರ್ಮಾನ ಮಾಡಿ ಅಂತ. ಅತಿವೃಷ್ಟಿ ಕಂಡರೆ ಮಾತ್ರ ಜಿಲ್ಲೆಯಿಂದಲೇ ರಜೆ. ಭಾಗೀದಾರರು ಯಾರು ಅಂತ ಸುತ್ತೋಲೆಯಲ್ಲಿ ಇರಲಿಲ್ಲ. ಅದನ್ನು ಜನರೇ ಬೇಗ ತೀರ್ಮಾನ ಮಾಡಿಕೊಂಡರು: ಯಾರ ಹತ್ತಿರ ನನ್ನ ನಂಬರಿದೆಯೋ ಅವರೆಲ್ಲ.

ನಾನು ಹೇಳಹೊರಟಿರುವುದು ಅವರೊಳಗೆ ಒಬ್ಬ ತಾಯಿಯ ವಿಷಯ. ನಾನು ರಜೆ ಕೊಟ್ಟ ದಿನವೆಲ್ಲ ಆಕೆ ಒಂದನೇ ಕ್ಲಾಸಿನ ಮಗಳನ್ನು ಕೋಣೆಯೊಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಗದ್ದೆ ಕೆಲಸಕ್ಕೆ ಹೋಗಬೇಕಿತ್ತು. ಊರಿಗೆಲ್ಲ ರಜೆ ಬೇಕು, ಅವಳಿಗೆ ಶಾಲೆ ಬೇಕು. ಅದು ನನಗೆ ಗೊತ್ತಾಗುವ ಹೊತ್ತಿಗೆ ಆಷಾಢ ಅರ್ಧ ಮುಗಿದಿತ್ತು. ಅಷ್ಟರವರೆಗೆ ನನ್ನ ಕಿವಿಯನ್ನು ಉಳಿದ ಭಾಗೀದಾರರು ಹಂಚಿಕೊಂಡಿದ್ದರು. ಆದ್ದರಿಂದ ಅವರ ಕತೆಯನ್ನೇ ಮೊದಲು ಹೇಳಿ ಮುಗಿಸುತ್ತೇನೆ.

ಬೆಳಕು ಹರಿಯುವ ಮೊದಲೇ ಫೋನು ಶುರು. ‘ಮೇಡಂ, ಮಾಣಿ ಮಲಗಿದೆ. ಎಬ್ಬಿಸ್ಬೇಕಾ ಬೇಡ್ವಾ, ಅಷ್ಟು ಹೇಳಿ ಸಾಕು’ ಅಂತ ಒಬ್ಬರು. ‘ದೋಸೆಗೆ ಕಾವಲಿ ಇಟ್ಟಿದೀನಿ, ಬುತ್ತಿಗೂ ಸೇರ್ಸಿ ಹುಯ್ಯದಾ ಎಂತ?’ ಅಂತ ಇನ್ನೊಬ್ಬರು. ನಮ್ಮ ಮೇಷ್ಟ್ರುಗಳಂತೂ ಮಳೆಗಾಲ ಬಂತೆಂದರೆ ಮಕ್ಕಳ ಬಗ್ಗೆ ಕರುಣಾಸಾಗರರಾಗಿಬಿಡುತ್ತಿದ್ದರು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿ ಕವಾಯತು ಮಾಡಿಸಿದವರೇ ಫೋನಿನಲ್ಲಿ ಗಂಟಲು ತುಂಬಿಕೊಂಡು, ‘ಮಕ್ಕಳ ಹಿತದೃಷ್ಟಿಯಿಂದ ಹೇಳ್ತಿದೀನಿ ಮೇಡಂ, ನಂದೇನಿಲ್ಲ, ನಾನು ಈಜ್ಕೊಂಡಾದ್ರೂ ಬರ್ತೀನಿ’ ಅನ್ನುತ್ತಿದ್ದರು. ‘ಹಾಗಾದ್ರೆ ಬನ್ನಿ’ ಅಂದರೆ ಆ ಕಡೆ ನೆಟ್‌ವರ್ಕ್ ಹೋಗುತ್ತಿತ್ತು.

ತಾಲೂಕುಗಳ ಜಗಳ ಬೇರೆ. ಶೃಂಗೇರಿಗೆ ರಜೆ ಕೊಟ್ಟರೆ ಕೊಪ್ಪದವರಿಗೆ ಹೊಟ್ಟೆಯುರಿ. ‘ಅವ್ರ ಮಕ್ಳು ಮಾತ್ರ ಸಕ್ಕರೆ ಗೊಂಬೆಗಳಾ, ಕರಗೋಕೆ?’ ಎರಡಕ್ಕೂ ಕೊಟ್ಟರೆ ನರಸಿಂಹರಾಜಪುರದವರ ಫೋನು. ಅಲ್ಲಿ ಮಳೆ ಕಡಿಮೆ. ಕೆಲವು ದಿನ ಒಳ್ಳೇ ಬಿಸಿಲೇ ಇರುತ್ತಿತ್ತು. ಆದರೂ, ‘ನಮ್ಮ ಕಡೆ ಬಿಸಿಲು ಇರಬಹುದು ಮೇಡಂ, ಆದ್ರೆ ಮೋಡದ ಬಿಸಿಲು, ಅದನ್ನ ನಂಬೋಕಾಗಲ್ಲ’ ಅಂತ ಒಬ್ಬರು ಗಂಭೀರವಾಗಿ ವಾದ ಮಾಡಿದ್ದರು. ನಿಮ್ಮ ರಜೆ ಈಗ ನನ್ನ ಕೈಯಲ್ಲಿಲ್ಲ ಮಾರಾಯ್ರೆ ಅಂತ ಎಷ್ಟು ಹೇಳಿದರೂ ಕೇಳುವವರಲ್ಲ. ‘ನೀವೊಂದು ಮಾತು ಹೇಳಿ ಮೇಡಂ, ನಿಮ್ಮ ಮಾತು ನಡೀತದೆ’ ಅನ್ನುತ್ತಿದ್ದರು. ನನ್ನ ಮಾತು ನಮ್ಮನೆಯಲ್ಲೇ ನಡೆಯುತ್ತಿರಲಿಲ್ಲ ಅನ್ನುವುದು ಅವರಿಗೆಲ್ಲಿ ಗೊತ್ತು!

ನಿಜವಾದ ಹವಾಮಾನ ತಿಳಿಯಲು ನಾನು ಇಬ್ಬರನ್ನು ನಂಬಿಕೊಂಡಿದ್ದೆ. ಒಬ್ಬರು ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ, ರೇನ್‌ಕೋಟು, ಚಪ್ಪಲಿ ಮಾರುವ ಸಾಬರು. ಮೊದಲ ಬಸ್ಸಿಗೇ ಅಂಗಡಿ ತೆರೆದು ಭದ್ರಾ ಹೊಳೆ ನೋಡಿಕೊಂಡು ಬಂದಿರುತ್ತಿದ್ದರು. ಹೊಳೆ ಎಷ್ಟೇ ತುಂಬಿರಲಿ, ‘ಏನಿಲ್ಲ ಮೇಡಂ, ಮಾಮೂಲಿ ನೀರು, ಮಕ್ಕಳು ಆರಾಮಾಗಿ ಬರ್ಬಹುದು’ ಅನ್ನುವುದೇ ಅವರ ವರದಿ. ಮಕ್ಕಳು ಬಂದರೆ ತಾನೇ ರೇನ್‌ಕೋಟು ಖರ್ಚಾಗುವುದು! ಇನ್ನೊಬ್ಬರು ನೆಮ್ಮಾರ್ ಕಡೆಯ ಒಂದು ಶಾಲೆಯ ಹೆಡ್‌ಮೇಷ್ಟ್ರು. ಅವರಿಗೆ ತುಂಗೆಯಲ್ಲಿ ಯಾವಾಗಲೂ ಪ್ರಳಯವೇ. ನಾನು ಇಬ್ಬರನ್ನೂ ಕೇಳಿ, ಒಬ್ಬರ ಮಾತಿನಲ್ಲಿ ಅರ್ಧ ಕಳೆದು, ಇನ್ನೊಬ್ಬರದಕ್ಕೆ ಅರ್ಧ ಕೂಡಿಸಿ, ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿ ತೀರ್ಮಾನ ಮಾಡುತ್ತಿದ್ದೆ. ನಾನು ರಜೆ ಅಂದ ದಿನ ಹತ್ತು ಗಂಟೆಗೆ ಸರಿಯಾಗಿ ಬಿಸಿಲು ಬರುತ್ತಿತ್ತು. ಮಕ್ಕಳು ನಮ್ಮ ಕಚೇರಿ ಎದುರಿನ ಬಯಲಿನಲ್ಲೇ ಕ್ರಿಕೆಟ್ ಆಡುತ್ತಿದ್ದರು.

ಈ ಗಲಾಟೆಯ ನಡುವೆ ಯಾರು ಹುಟ್ಟಿಸಿದರೋ, ಒಂದು ಸುದ್ದಿ ಹಬ್ಬಿತು. ಟಿವಿಯಲ್ಲಿ ಹಾಡುವವರಿಗೆ, ಕುಣಿಯುವವರಿಗೆ ಜನ ಫೋನು ಮಾಡಿ ವೋಟು ಹಾಕುವುದಿಲ್ಲವೇ, ಹಾಗೆ ಇನ್ಸ್‌ಪೆಕ್ಟರಮ್ಮನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ರಜೆಗೆ ಒಂದು ವೋಟು ಬೀಳುತ್ತದಂತೆ. ಜಾಸ್ತಿ ವೋಟು ಬಿದ್ದ ತಾಲೂಕಿಗೆ ರಜೆಯಂತೆ. ಆಟೋ ಸ್ಟ್ಯಾಂಡಿನಲ್ಲಿ ಶುರುವಾದದ್ದು ಅಂತ ಒಬ್ಬರು, ಇಲ್ಲ ಒಬ್ಬ ಮೇಷ್ಟ್ರೇ ಹೇಳಿದ್ದು ಅಂತ ಇನ್ನೊಬ್ಬರು. ಸುಳ್ಳೆಂದು ಎಲ್ಲ ಗುಂಪುಗಳಿಗೂ ಮೆಸೇಜು ಹಾಕಿದೆ. ಅದನ್ನು ಓದಿ ‘ಓಹೋ, ಹಿಂಗೊಂದು ಉಂಟಾ?’ ಅಂತ ಗೊತ್ತಿಲ್ಲದವರೂ ಶುರು ಮಾಡಿದರು. ಮರುದಿನದಿಂದ ಬೆಳಿಗ್ಗೆ ನನ್ನ ಫೋನು ಒಂದೊಂದೇ ರಿಂಗಿಗೆ ಕೂಗಿ ಕೂಗಿ ನಿಲ್ಲುತ್ತಿತ್ತು. ನಮ್ಮನೆಯವರು ಅಂಚೆ ಇಲಾಖೆಯಿಂದ ನಿವೃತ್ತರು, ಹೊತ್ತು ಹೋಗದೆ ಇದ್ದವರು. ಕಾಫಿ ಲೋಟ ಹಿಡಿದು ಫೋನಿನ ಪಕ್ಕ ಕೂತು, ‘ಮತದಾನ ಬಿರುಸಾಗಿದೆ ಮಾರಾಯ್ತಿ, ಈ ಸಲ ನಿಂಗೇ ಬಹುಮತ’ ಅಂತ ವರದಿ ಒಪ್ಪಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಮಿಸ್ಡ್ ಕಾಲ್‌ಗಳಲ್ಲಿ ಒಂದು ನಂಬರು ಯಾವಾಗಲೂ ಎಲ್ಲರಿಗಿಂತ ಮೊದಲು ಬರುತ್ತಿತ್ತು. ಹಾಲಿನ ವ್ಯಾನು ನಮ್ಮ ರಸ್ತೆಗೆ ಬರುವ ಮೊದಲೇ ಒಂದು ರಿಂಗು, ಕಟ್. ಯಾವುದೋ ಸೋಮಾರಿ ಹುಡುಗನೇ ಇರಬೇಕು, ರಜೆಗೆ ಎಷ್ಟು ಆತುರ ನೋಡು ಅಂದುಕೊಂಡೆ. ಒಂದು ದಿನ ತಲೆ ಕೆಟ್ಟು, ಬೈದುಬಿಡುವ ಅಂತ ತಿರುಗಿ ಫೋನು ಮಾಡಿದೆ. ‘ಯಾರದು? ನಿದ್ದೆ ಬರಲ್ವಾ ನಿಮಗೆ? ಹಿಂಗೆ ರಿಂಗ್ ಕೊಟ್ರೆ ರಜೆ ಸಿಗ್ತದೆ ಅಂತ ಯಾರು ಹೇಳಿದ್ದು?’ ಅಂತ ಉಸಿರು ಬಿಡದೆ ಕೂಗಿದೆ.

ಆ ಕಡೆ ಒಬ್ಬ ಹೆಂಗಸಿನ ದನಿ, ಬಯಲುಸೀಮೆಯ ಮಾತು. ‘ರಜಾ ಬ್ಯಾಡ್ರಿ ಅಮ್ಮಾರ. ಶಾಲಿ ಇರಲಿ ಅಂತ ನಾ ರಿಂಗ್ ಕೊಟ್ಟೀನ್ರಿ.’

ನನಗೆ ಕೇಳಿದ್ದನ್ನು ನಂಬಲಾಗಲಿಲ್ಲ. ಮೂರು ತಾಲೂಕಿನಲ್ಲಿ ರಜೆ ಬೇಡ ಅಂದವರು ಕೊಡೆ ಸಾಬರು ಬಿಟ್ಟರೆ ಇವಳೊಬ್ಬಳೇ. ಯಾಕಮ್ಮ ಅಂತ ಕೇಳಿದೆ. ಅವಳು ಹೆದರಿ ಹೆದರಿ ಹೇಳಿದಳು. ಕೊಪ್ಪ ತಾಲೂಕಿನ ನಾರ್ವೆ ಕಡೆ ಒಬ್ಬರ ತೋಟ ಗದ್ದೆಯಲ್ಲಿ ಕೂಲಿ ಕೆಲಸ. ಗಂಡ ರಸ್ತೆಗೆ ಟಾರು ಹಾಕುವ ಕೆಲಸಕ್ಕೆ ಹೋದವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಯಜಮಾನರ ಗೋಡೌನಿನ ಪಕ್ಕದ ಕೋಣೆಯಲ್ಲಿ ತಾಯಿ, ಮಗಳು ಇಬ್ಬರೇ. ಕೋಣೆಯ ಹಿಂದೆಯೇ ಹಳ್ಳ. ‘ಶಾಲಿ ಇದ್ರ ಚಿಂತಿ ಇಲ್ರಿ. ಟೀಚರ್ ನೋಡ್ಕೋತಾರ, ಬಿಸಿ ಊಟ ಹಾಕ್ತಾರ. ಶಾಲಿ ಇಲ್ಲಂದ್ರ ಕೀಲಿ ಹಾಕಿ ಹೋಗಬೇಕ್ರಿ. ಹುಡುಗಿ ಒಳಗ ಅಳತೈತಿ. ನನಗ ಗದ್ಯಾಗ ಕೈಯೇ ಓಡಂಗಿಲ್ರಿ.’

‘ನೀನೂ ಅವತ್ತು ಕೆಲಸಕ್ಕೆ ರಜೆ ಹಾಕಮ್ಮ’ ಅಂದೆ. ಎಂತಹ ಬುದ್ಧಿವಂತೆ ನೋಡಿ ನಾನು! ನೆಟ್ಟಿ ಕೆಲಸ ನಡೆಯುವುದೇ ಮಳೆಯಲ್ಲಿ. ಮಳೆ ಜೋರಾದಷ್ಟೂ ಸಸಿ ಕಿತ್ತು ನೆಡುವ ಅವಸರ ಜೋರು. ಮಕ್ಕಳಿಗೆ ಶಾಲೆ ಬೇಡವೆನ್ನುವ ಅದೇ ಮಳೆ ಅವಳನ್ನು ಗದ್ದೆಗೆ ಕರೆಯುತ್ತಿತ್ತು. ಅವಳು ಅದನ್ನೇನೂ ವಿವರಿಸಲಿಲ್ಲ. ‘ಆತ್ರಿ’ ಅಂತ ಫೋನು ಇಟ್ಟಳು.

ಇಷ್ಟು ದಿನ ಆ ನಂಬರನ್ನು ರಜೆಯ ಕಡೆಗೇ ಸೇರಿಸಿ ನಗುತ್ತಿದ್ದೆವಲ್ಲ ಅಂತ ನನಗೂ ನಮ್ಮನೆಯವರಿಗೂ ಪೆಚ್ಚಾಯಿತು. ಮಿಸ್ಡ್ ಕಾಲ್‌ಗೆ ಬಾಯಿ ಇಲ್ಲ, ಏನು ಮಾಡುವುದು. ಅವತ್ತಿನಿಂದ ನಾನು ರಜೆ ಕೊಡುವುದರಲ್ಲಿ ಮಹಾ ಜಿಪುಣಿಯಾದೆ. ಹೆಡ್‌ಮೇಷ್ಟ್ರ ಪ್ರಳಯಕ್ಕೆ ಕಿವಿಗೊಡಲಿಲ್ಲ. ಕಾವಲಿಯವರಿಗೆ ‘ಬುತ್ತಿಗೂ ಸೇರಿಸಿ ಹುಯ್ಯಿರಿ’ ಅಂದೆ. ಬೆಳಿಗ್ಗೆ ಆ ಒಂದು ರಿಂಗು ಬಂದಾಗ ತಿರುಗಿ ಫೋನು ಮಾಡಿ, ‘ಇದೆಯಮ್ಮ, ಶಾಲೆ ಇದೆ’ ಅನ್ನುವುದು ಅಭ್ಯಾಸವಾಯಿತು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ‘ಪುಣ್ಯ ಬರಲಿ ನಿಮಗ’ ಅಂದು ಇಟ್ಟುಬಿಡುತ್ತಿದ್ದಳು. ಊರಿನಲ್ಲಿ ನನಗೆ ಬರುತ್ತಿದ್ದದ್ದು ಪುಣ್ಯವಲ್ಲ, ಬೈಗುಳ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಎದ್ದು ಜಾಗ ಕೊಡುವುದನ್ನು ನಿಲ್ಲಿಸಿದರು. ಸಾಬರು ಮಾತ್ರ ಒಂದು ಒಳ್ಳೇ ಕೊಡೆ ತೆಗೆದಿಟ್ಟಿದೀನಿ, ಬಂದಾಗ ನೋಡಿ ಅಂದರು.

ಆದರೆ ಎಲ್ಲವೂ ನಗುವ ವಿಷಯವಾಗಿರಲಿಲ್ಲ. ನಾನು ರಜೆ ಕೊಡದ ಒಂದು ಬೆಳಿಗ್ಗೆ ಅದೇ ನಾರ್ವೆ ಕಡೆಯ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಗೆ ಬರುವಾಗ ಹಳ್ಳ ದಾಟುವ ಕಾಲುಸಂಕದಲ್ಲಿ ಜಾರಿದಳು. ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಸಂಕ, ಪಾಚಿ ಹಿಡಿದಿತ್ತು. ಜೊತೆಗಿದ್ದ ಅಣ್ಣ ಜಡೆ ಹಿಡಿದು ಎಳೆದ. ಹುಡುಗಿ ಉಳಿದಳು, ಚೀಲ ಹೋಯಿತು. ಅವಳ ಅಪ್ಪ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಸರಿ, ಸುತ್ತೋಲೆಯಲ್ಲಿ ಹೇಳಿದ ಹಾಗೆ ಸಮಾಲೋಚನೆಯನ್ನೇ ಮಾಡಿಬಿಡುವ ಅಂತ ಆ ತಾಯಿಯ ಮಗಳು ಓದುವ ಶಾಲೆಯಲ್ಲೇ ಒಂದು ಸಭೆ ಕರೆದೆ. ಸಣ್ಣ ಶಾಲೆ, ಒಬ್ಬರೇ ಟೀಚರು, ಅವರ ಮನೆಯೂ ಶಾಲೆಯ ಬೇಲಿಗೆ ತಾಗಿಕೊಂಡೇ ಇತ್ತು. ಸಭೆಗೆ ತೋಟದವರು ಬಂದರು, ಪಂಚಾಯ್ತಿಯವರು ಬಂದರು, ಪೋಷಕರು ಬಂದರು. ಒಳ್ಳೇ ಅವಲಕ್ಕಿ, ಕಾಫಿ. ಸಂಕ ದಾಟುವ ಮಕ್ಕಳು ಜೋರು ಮಳೆಗೆ ಮನೆಯಲ್ಲೇ ಇರಲಿ, ಈಚೆ ದಡದವರು ಬರಲಿ, ಶಾಲೆ ತೆಗೆದೇ ಇರಲಿ ಅಂತ ನಾನು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆ ಸಂಕದ ಆಚೆಗೇ ಬರುತ್ತದೆ ಅಂತ ಸಾಧಿಸಿದರು. ಶಾಲೆಯ ಪಕ್ಕದ ಮನೆಯವರೊಬ್ಬರು, ‘ನಮ್ಮ ಚರಂಡಿ ಮೇಲೂ ಒಂದು ಹಲಗೆ ಉಂಟು ಮೇಡಂ, ಅದನ್ನೂ ಸಂಕ ಅಂತಲೇ ಹಿಡೀಬೇಕು’ ಅಂದರು. ನಕ್ಕು ನಕ್ಕು ನನ್ನ ಕಾಫಿ ಚೆಲ್ಲಿತು.

ಆ ಸಭೆಗೆ ಎಲ್ಲರೂ ಬಂದಿದ್ದರು, ಅವಳೊಬ್ಬಳು ಬಿಟ್ಟು. ಹನ್ನೊಂದು ಗಂಟೆಗೆ ನೆಟ್ಟಿ ಬಿಟ್ಟು ಅವಳು ಹೇಗೆ ಬರಬೇಕು! ಸಭೆ ಇಟ್ಟವಳು ನಾನು, ನನಗೇ ಅದು ಹೊಳೆದಿರಲಿಲ್ಲ. ಮಗಳು ಮಾತ್ರ ಬಾಗಿಲ ಹತ್ತಿರ ಕೂತು ನಮ್ಮೆಲ್ಲರ ಅವಲಕ್ಕಿ ತಟ್ಟೆ ನೋಡುತ್ತಿತ್ತು. ಟೀಚರ್ ತೋರಿಸಿ, ‘ಇದೇ ಮೇಡಂ ಆ ಕೂಸು’ ಅಂದರು. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ಕರೆದು ತಟ್ಟೆ ಕೊಟ್ಟೆ. ತಿನ್ನುತ್ತಾ, ‘ನಾಳೆನೂ ಮೀಟಿಂಗ್ ಇಡ್ತೀರಾ ಮಿಸ್?’ ಅಂತ ಕೇಳಿತು.

ಅದಾದ ಮೇಲೆ ಬಂತು ನೋಡಿ ನಿಜವಾದ ಮಳೆ. ಹೆಡ್‌ಮೇಷ್ಟ್ರ ಪ್ರಳಯ ಈ ಸಲ ಸುಳ್ಳಾಗಿರಲಿಲ್ಲ. ಸಾಬರು ಕೂಡ ಬೆಳಿಗ್ಗೆ ಫೋನು ಮಾಡಿ, ‘ಮೇಡಂ, ಇವತ್ತು ನಾನೇ ಅಂಗಡಿ ತೆಗೆಯಲ್ಲ’ ಅಂದರು. ಅವರು ಹಾಗಂದ ಮೇಲೆ ಇನ್ನೇನು ಬೇಕು. ಜಿಲ್ಲೆಯಿಂದಲೇ ಆದೇಶವೂ ಬಂತು: ಅಂಗನವಾಡಿಯಿಂದ ಹಿಡಿದು ಕಾಲೇಜಿನವರೆಗೆ ಎಲ್ಲಕ್ಕೂ ರಜೆ. ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅವಳ ರಿಂಗು ಬಂತು. ತಿರುಗಿ ಮಾಡಿ, ‘ಇವತ್ತು ಇಲ್ಲಮ್ಮ. ನಾನಲ್ಲ, ಮೇಲಿನವರೇ ಕೊಟ್ಟಿದ್ದು’ ಅಂದೆ. ‘ಆತ್ರಿ’ ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಮನೆಯೊಳಗೆ ಅತ್ತಿಂದಿತ್ತ ಓಡಾಡಿದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, ‘ಹಿಂಗೆ ತಿರುಗಿದ್ರೆ ಸಿಮೆಂಟು ಸವೀತದೆ ಮಾರಾಯ್ತಿ. ಹೋಗ್ಬರುವ ನಡಿ’ ಅಂತ ಕಾರಿನ ಕೀ ತೆಗೆದುಕೊಂಡರು. ಮಳೆಯಲ್ಲಿ ಕಾರು ಹೊರಗೆ ತೆಗೆಯದ ಮನುಷ್ಯ ಅವರು. ನಾರ್ವೆ ದಾರಿಯಲ್ಲಿ ಎರಡು ಕಡೆ ಧರೆ ಜಾರಿ ಮಣ್ಣು ರಸ್ತೆಗೆ ಬಂದಿತ್ತು. ಅವರು ಸ್ಟೀರಿಂಗನ್ನು ಮಗುವಿನ ಹಾಗೆ ಅಪ್ಪಿಕೊಂಡು, ದಾರಿಯುದ್ದಕ್ಕೂ ನನ್ನ ಇಲಾಖೆಯನ್ನು ಬೈಯುತ್ತಾ ಓಡಿಸಿದರು.

ತೋಟದವರ ಮನೆಯಲ್ಲಿ ಕೇಳಿಕೊಂಡು ಗೋಡೌನಿನ ಪಕ್ಕಕ್ಕೆ ಹೋದೆವು. ಹಳ್ಳ ಗೋಡೆಯ ಹಿಂದೆಯೇ ಭೋರ್ಗರೆಯುತ್ತಿತ್ತು. ಬಾಗಿಲಿಗೆ ಬೀಗ. ಸರಳಿನ ಸಣ್ಣ ಕಿಟಕಿಯ ಹಿಂದೆ ಕೂಸು ನಿಂತಿತ್ತು. ಅಳುತ್ತಿರಲಿಲ್ಲ. ಅತ್ತು ಮುಗಿದ ಮುಖ. ನನ್ನನ್ನು ನೋಡಿದ್ದೇ, ‘ಮೀಟಿಂಗ್ ಮಿಸ್!’ ಅಂತ ಕಿರುಚಿತು.

ಬೀಗದ ಕೈ ಗದ್ದೆಯಲ್ಲಿರುವ ತಾಯಿಯ ಹತ್ತಿರ. ನಮ್ಮನೆಯವರು ಕೊಡೆ ಹಿಡಿದುಕೊಂಡು ಅವಳನ್ನು ಹುಡುಕಲು ಹೋದರು. ನಾನು ಸೂರಿನ ಕೆಳಗೆ ಕಿಟಕಿಗೆ ಒತ್ತಿಕೊಂಡು ನಿಂತೆ. ಏನು ಮಾಡುವುದು, ಬೇರೆ ಏನೂ ಬಾರದವಳು ನಾನು. ‘ಎಲ್ಲಿ, ಸ್ಲೇಟು ತೋರಿಸು’ ಅಂದೆ. ಅದು ತಂದು ಸರಳಿಗೆ ಹಿಡಿಯಿತು. ‘ಅ’ ಬರೆಸಿದೆ, ‘ಆ’ ಬರೆಸಿದೆ. ಮಗ್ಗಿ ಹೇಳಿಸಿದೆ. ಎಷ್ಟೋ ಶಾಲೆಗಳಿಗೆ ಹೋಗಿ ಕೈಕಟ್ಟಿ ನಿಂತ ಮೇಷ್ಟ್ರುಗಳ ಎದುರು ಕುರ್ಚಿಯಲ್ಲಿ ಕೂತು ತಪಾಸಣೆ ಮಾಡಿದವಳು ನಾನು. ಅವತ್ತು ಹೊರಗೆ ನೆನೆಯುತ್ತಾ ನಿಂತವಳು ನಾನು, ಒಳಗೆ ಬೆಚ್ಚಗೆ ಕೂತು ‘ಸರಿ ಉಂಟಾ ಮಿಸ್, ನೋಡಿ’ ಅಂತ ನನ್ನನ್ನೇ ವಿಚಾರಿಸಿಕೊಳ್ಳುತ್ತಿದ್ದದ್ದು ಅದು.

ತಾಯಿ ಓಡಿ ಬಂದಳು. ಮೊಣಕಾಲಿನವರೆಗೆ ಕೆಸರು, ತಲೆ ಬೆನ್ನು ಮುಚ್ಚುವ ಪ್ಲಾಸ್ಟಿಕ್ ಕೊಪ್ಪೆ. ವಯಸ್ಸೂ ಹೆಚ್ಚಿಲ್ಲ, ಇಪ್ಪತ್ತೈದಿರಬಹುದು. ನನ್ನ ಸೀರೆ, ಕನ್ನಡಕ, ಬ್ಯಾಗು ನೋಡಿದ್ದೇ ಕೈ ಮುಗಿದುಬಿಟ್ಟಳು. ‘ದಿನಾ ಕೀಲಿ ಹಾಕಂಗಿಲ್ರಿ ಅಮ್ಮಾರ. ಇವತ್ತೊಂದಿನ ಅಷ್ಟ. ಬರ್ಕೋಬ್ಯಾಡ್ರಿ. ನನ್ನ ಮಗಳನ್ನ ಕರ್ಕೊಂಡ್ ಹೋಗಬ್ಯಾಡ್ರಿ.’

ಯಾವುದೋ ಆಫೀಸಿನವರು ಮಗುವನ್ನು ಒಯ್ಯಲು ಬಂದಿದ್ದಾರೆ ಅಂದುಕೊಂಡಿದ್ದಳು. ‘ನಾನಮ್ಮ, ಫೋನಿನವಳು. ದಿನಾ ನಿನ್ನ ಹತ್ರ ಮಾತಾಡೋಳು’ ಅಂದೆ. ನಂಬಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೊಂಟದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ತೆಗೆದು, ಕೆಸರು ಬೆರಳನ್ನು ಸೆರಗಿಗೆ ಒರೆಸಿಕೊಂಡು, ನನ್ನ ಮುಖ ನೋಡುತ್ತಲೇ ಒಂದು ರಿಂಗು ಕೊಟ್ಟಳು. ನನ್ನ ಬ್ಯಾಗು ಕೂಗಿತು.

ಅವಳು ನಕ್ಕಳೋ ಅತ್ತಳೋ ಹೇಳಲಾರೆ, ಮುಖ ಮೊದಲೇ ಒದ್ದೆಯಾಗಿತ್ತು. ನಾನಂತೂ ಅತ್ತೆ. ನಮ್ಮನೆಯವರು ಮಾತ್ರ ‘ಒಂದು ವೋಟು ಸಿಂಧು’ ಅಂತ ಮೆಲ್ಲಗೆ ಹೇಳಿ, ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಬೀಗ ತೆಗೆದು, ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಅವಳು ಕೇಳಿದ್ದು ಒಂದೇ. ‘ನಾಳಿ ಶಾಲಿ ಐತೇನ್ರಿ?’

ನಾಳೆಯ ಆದೇಶ ಬಂದಿರಲಿಲ್ಲ. ಮಳೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ‘ಇದೆ’ ಅಂದುಬಿಟ್ಟೆ. ಯಾವ ಭಾಗೀದಾರರನ್ನೂ ಕೇಳಲಿಲ್ಲ. ವಾಪಸು ಬರುವಾಗ ನಮ್ಮನೆಯವರು, ‘ನಾಳೆನೂ ಮೇಲಿಂದ ರಜೆ ಬಂದ್ರೆ ಎಂತ ಮಾಡ್ತೀ?’ ಅಂದರು. ‘ನಿಮಗ್ಯಾಕೆ, ರಸ್ತೆ ನೋಡಿ ಓಡಿಸಿ’ ಅಂತ ರೇಗಿದೆ.

ಮರುದಿನವೂ ರಜೆಯೇ ಬಂತು. ಟೀಚರಿಗೆ ಫೋನು ಮಾಡಿ, ಒಂದು ಕೋಣೆ ತೆಗೆದಿಡಿ, ಆ ಕೂಸಿಗೆ ಮಾತ್ರ ಅಂದೆ. ಟೀಚರ್ ಒಳ್ಳೆಯವರೇ, ಆದರೆ ಕಾನೂನು ಗೊತ್ತಿದ್ದವರು. ‘ರಜೆ ದಿನ ಶಾಲೆ ತೆಗೆದ್ರೆ ನಂಗೆ ನೋಟಿಸ್ ಕೊಡೋದು ಯಾರು ಮೇಡಂ?’

‘ನಾನೇ.’

‘ಆಮೇಲೆ ಅದನ್ನ ವಾಪಸು ತಗೊಳ್ಳೋದು?’

‘ಅದೂ ನಾನೇ.’

‘ಹಂಗಾದ್ರೆ ತೆಗೀತೀನಿ’ ಅಂದರು.

ನಾವು ಹೋಗುವಷ್ಟರಲ್ಲಿ ತಾಯಿ ಮಗಳನ್ನು ಬಿಟ್ಟು ಗದ್ದೆಗೆ ಹೋಗಿಯಾಗಿತ್ತು. ಟೀಚರ್ ತಮ್ಮ ಮನೆಯಿಂದ ಗಂಜಿ, ಉಪ್ಪಿನಕಾಯಿ ತಂದಿಟ್ಟಿದ್ದರು. ನಮ್ಮನೆಯವರು ಕರಿಹಲಗೆ ಒರೆಸಿದರು. ಒಂದು ವಿದ್ಯಾರ್ಥಿ, ಒಬ್ಬರು ಟೀಚರ್, ಒಬ್ಬ ಇನ್ಸ್‌ಪೆಕ್ಟರಮ್ಮ, ಒಬ್ಬರು ಜವಾನರು. ರಾಜ್ಯದಲ್ಲಿ ಇಷ್ಟು ಚೆಂದದ ಶಾಲೆ ಇನ್ನೆಲ್ಲೂ ಇರಲಿಲ್ಲ ಅಂತ ನಾನು ಹೆಮ್ಮೆಪಟ್ಟುಕೊಂಡೆ. ಮಾತು ಕೊಟ್ಟ ಹಾಗೆ ಶಾಲೆ ಇತ್ತು, ಬೀಗ ಇರಲಿಲ್ಲ. ಟೀಚರ್ ಆಗಲೇ, ಇನ್ನು ಮೇಲೆ ರಜೆ ದಿನಗಳಲ್ಲಿ ಕೂಸು ನಮ್ಮನೆ ಅಡುಗೆಮನೆಯಲ್ಲೇ ಇರ್ಲಿ ಮೇಡಂ, ನಂಗೂ ಬೇಜಾರು ಕಳೀತದೆ ಅಂದಿದ್ದರು. ನನ್ನ ಕೆಲಸ ಆಯಿತು ಅಂದುಕೊಂಡು ನೆಮ್ಮದಿಯಿಂದ ಬೆಂಚಿನ ಮೇಲೆ ಕೂತೆ.

ಕೂಸು ಸ್ವಲ್ಪ ಹೊತ್ತು ಬರೆಯಿತು. ಆಮೇಲೆ ಖಾಲಿ ಬೆಂಚುಗಳನ್ನು ನೋಡಿತು. ‘ಉಳಿದವ್ರು ಯಾಕೆ ಬಂದಿಲ್ಲ ಮಿಸ್?’

‘ಅವ್ರಿಗೆಲ್ಲ ರಜೆ ಪುಟ್ಟಿ.’

‘ರಜೆ ಕೊಡೋದು ನೀವೇ ಅಂತಲ್ಲ?’

ಹೌದು ಅನ್ನುವುದಕ್ಕೆ ನನಗೆ ಸ್ವಲ್ಪ ಜಂಬವೇ ಇತ್ತು. ‘ಹೌದು. ಕೊಪ್ಪಕ್ಕೆ, ಶೃಂಗೇರಿಗೆ, ಎಲ್ಲಾ ಶಾಲೆಗೂ’ ಅಂದೆ. ಅದು ಬಳಪ ಕೆಳಗಿಟ್ಟು, ಬೆಂಚು ಬಿಟ್ಟು ಎದ್ದು, ನನ್ನ ಹತ್ತಿರ ಬಂದು ನಿಂತಿತು. ದೊಡ್ಡವರು ಕಚೇರಿಯಲ್ಲಿ ಅಹವಾಲು ಹೇಳಲು ನಿಲ್ಲುತ್ತಾರಲ್ಲ, ಥೇಟ್ ಹಾಗೆ.

‘ನಂಗೆ ಬೇಡ ಮಿಸ್. ನಮ್ಮವ್ವಂಗೆ ಒಂದಿನ ಕೊಡಿ. ಅವ್ವ ಮನೇಲಿದ್ರೆ ಬೀಗ ಹಾಕದೇ ಬೇಡ.’

ಟೀಚರ್ ಗಂಜಿ ಪಾತ್ರೆಯ ಮುಚ್ಚಳ ತೆಗೆದವರು ಹಾಗೇ ಹಿಡಿದುಕೊಂಡು ನಿಂತರು. ನಮ್ಮನೆಯವರು ಒರೆಸಿದ ಕರಿಹಲಗೆಯನ್ನೇ ಮತ್ತೊಮ್ಮೆ ಒರೆಸಿದರು. ನಾನು ಆ ಮಗುವಿನ ತಲೆ ಸವರಿದೆ, ಜಡೆ ಸರಿ ಮಾಡಿದೆ. ಕೊನೆಗೆ, ‘ಅದು ನನ್ನ ಕೈಯಲ್ಲಿಲ್ಲ ಮಗಾ’ ಅಂದೆ.

ಅದು ನಿರಾಸೆ ಮಾಡಿಕೊಳ್ಳಲಿಲ್ಲ. ನಾನೊಬ್ಬಳಲ್ಲದಿದ್ದರೆ ಇನ್ನೊಬ್ಬರು ಇದ್ದೇ ಇರುತ್ತಾರೆ ಅನ್ನುವ ಹಾಗೆ ನನ್ನ ಮುಖ ನೋಡಿತು.

‘ಹಂಗಾರೆ ಅದ್ಕೆ ಯಾರಿಗೆ ರಿಂಗ್ ಕೊಡ್ಬೇಕು ಮಿಸ್?’ ಅಂತ ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತಿತು.